ದೇವರ ಪಾಲಿಸಿಗೆ ಕಂತು ಎಷ್ಟು?

ಕುಮಟಾದಲ್ಲಿ ಕುಳಿತು ವಿಮೆಯ ಕೆಲಸ ಮಾಡುವವನಿಗೆ ಎರಡು ಬಗೆಯ ಗಿರಾಕಿಗಳು: ದೇವಿಮನೆ ಘಟ್ಟದ ಮೇಲೆ ಅಡಿಕೆ ತೋಟದವರು, ಘಟ್ಟದ ಕೆಳಗೆ ಬೋಟಿನವರು. ಫಾರ್ಮಿಗೆ ಸಹಿ ಬೀಳುವ ಹೊತ್ತಿಗೆ ಇಬ್ಬರ ಮನೆಯಲ್ಲೂ ದೇವರ ಮಾತು ಬಾರದೆ ಇರುವುದಿಲ್ಲ. ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ಹಿರಿಯ ಕೃಷಿಕರೊಬ್ಬರು, ಕೊಳೆಮದ್ದು ಹೊಡೆಸಿ ದಣಿದು ಜಗಲಿಯಲ್ಲಿ ಕುಳಿತವರು, ಬೆಳೆ ವಿಮೆಯ ಕಾಗದ ಪಕ್ಕಕ್ಕಿಟ್ಟು ನಕ್ಕರು. ‘ಇದೂ ಒಂದು ಪಾಲಿಸಿ, ಒಳಗೆ ದಿನಾ ಮಾಡೋ ಪೂಜೆನೂ ಒಂದು ಪಾಲಿಸಿ. ದೇವ್ರು ಇದ್ರೆ ಲಾಭ ಆತು, ಇಲ್ದೇ ಹೋದ್ರೆ ನಂದೆಂತ ಹೋತು ತಮಾ?’

ಅವರ ಮಾತಿನ ಹಿಂದೆ ನಮ್ಮ ಕಡೆಯ ಪಂಡಿತರ ಬಾಯಲ್ಲಿ ಸವೆದಿರುವ ಹಳೆಯ ಸಂಸ್ಕೃತ ಸಾಲೊಂದಿದೆ: ‘ಅಸ್ತಿ ಚೇನ್ನಾಸ್ತಿಕೋ ಹತಃ’, ಇದ್ದದ್ದೇ ಆದರೆ ನಾಸ್ತಿಕ ಕೆಟ್ಟ. ಇದೇ ವಾದಕ್ಕೆ ಗಣಿತದ ಅಂಗಿ ತೊಡಿಸಿದವನು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ (1623–1662). ಅವನು ನನ್ನ ಕಸುಬಿನ ಪೂರ್ವಿಕನೂ ಹೌದು. ಅರ್ಧಕ್ಕೆ ನಿಂತ ಜೂಜಿನ ಹಣವನ್ನು ಆಟಗಾರರಿಗೆ ನ್ಯಾಯವಾಗಿ ಹಂಚುವುದು ಹೇಗೆಂದು 1654ರಲ್ಲಿ ಅವನೂ ಗಣಿತಜ್ಞ ಪಿಯೆರ್ ಫರ್ಮಾನೂ ಪತ್ರ ಬರೆದುಕೊಂಡರು. ಸಂಭವನೀಯತೆಯ ಗಣಿತ ಅಲ್ಲಿಂದ ಬೆಳೆಯಿತು. 1693ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ, ಬ್ರೆಸ್ಲೌ ಊರಿನ ಜನನ ಮರಣಗಳ ಲೆಕ್ಕದಿಂದ ಯಾವ ವಯಸ್ಸಿನವರಲ್ಲಿ ಎಷ್ಟು ಜನ ಸಾಯುತ್ತಾರೆಂಬ ಕೋಷ್ಟಕ ಮಾಡಿದ. ಇಂದು ನಾವು ಹೇಳುವ ಕಂತಿನ ದರದ ಬೇರು ಈ ಎರಡರಲ್ಲಿದೆ.

ಪ್ಯಾಸ್ಕಲ್ ಸತ್ತ ಮೇಲೆ, 1670ರಲ್ಲಿ ಅಚ್ಚಾದ ಅವನ ಟಿಪ್ಪಣಿಗಳಲ್ಲಿ ಪಂಥದ, ಅಂದರೆ ಬಾಜಿಯ, ಲೆಕ್ಕ ಬರುತ್ತದೆ. ದೇವರಿದ್ದಾನೋ ಇಲ್ಲವೋ ಬುದ್ಧಿಯಿಂದ ತೀರ್ಮಾನವಾಗದು. ಆದರೆ ಪಂಥ ಕಟ್ಟದೆ ಇರುವಂತೆಯೂ ಇಲ್ಲ, ಏಕೆಂದರೆ ನೀವಾಗಲೇ ಹಡಗು ಹತ್ತಿಯಾಗಿದೆ. (ದಡದಲ್ಲಿ ನಿಂತು ನೋಡುತ್ತೇನೆ ಎನ್ನಲಾಗದು ಎಂಬ ಈ ಮಾತು ನಮ್ಮ ತದಡಿ ಬಂದರಿನ ಮೀನುಗಾರರಿಗೆ ಬೇರೆಯವರಿಗಿಂತ ಬೇಗ ಅರ್ಥವಾದೀತು.) ಇದ್ದಾನೆಂದು ಕಟ್ಟಿ ಗೆದ್ದರೆ ಅನಂತ ಸುಖ, ಸೋತರೆ ಹೋಗುವುದು ಅಲ್ಪ, ಆದ್ದರಿಂದ ಇದ್ದಾನೆಂದೇ ಕಟ್ಟಿ ಎನ್ನುತ್ತಾನೆ.

ವಿಮೆಯವನ ಕಣ್ಣು ಮೊದಲು ಬೀಳುವುದು ಆ ‘ಅನಂತ’ದ ಮೇಲೆ. ನಾನು ಕಂಡ ಯಾವ ಜೀವವಿಮಾ ಕಂಪನಿಯೂ ಕೇಳಿದಷ್ಟು ಮೊತ್ತಕ್ಕೆ ಪಾಲಿಸಿ ಕೊಡುವುದಿಲ್ಲ. ವಯಸ್ಸು ನೋಡಿ, ವರ್ಷದ ಆದಾಯದ ಇಂತಿಷ್ಟು ಪಟ್ಟಿಗೆ ನಿಲ್ಲಿಸುತ್ತದೆ. ಇದು ಜಿಪುಣತನವಲ್ಲ, ಮೊತ್ತಕ್ಕೆ ಮಿತಿಯಿಲ್ಲದಿದ್ದರೆ ಕಂತು ಹೆಚ್ಚೋ ಕಡಿಮೆಯೋ ಎಂದು ಹೇಳುವುದೇ ಸಾಧ್ಯವಾಗುವುದಿಲ್ಲ. ಪ್ಯಾಸ್ಕಲನ ಲೆಕ್ಕದಲ್ಲಿ ಆಗುವುದೂ ಅದೇ. ಅನಂತವನ್ನು ಯಾವ ಸಣ್ಣ ಸಂಭವದಿಂದ ಗುಣಿಸಿದರೂ ಅನಂತವೇ ಬರುತ್ತದೆ. ನಾಣ್ಯ ಚಿಮ್ಮಿ, ತಲೆ ಬಿದ್ದರೆ ಮಾತ್ರ ನಂಬುತ್ತೇನೆ ಎನ್ನುವವನ ನಿರೀಕ್ಷಿತ ಲಾಭವೂ ಅನಂತ. ಲಾಟರಿ ಹೊಡೆದರೆ ನಂಬುತ್ತೇನೆ ಎನ್ನುವವನದೂ ಅಷ್ಟೇ. ದಿನವಿಡೀ ಭಕ್ತಿಯಲ್ಲಿರುವವನಿಗೂ ಇಂಥ ಸೋಮಾರಿಗೂ ಒಂದೇ ಫಲ ತೋರಿಸುವ ಕೋಷ್ಟಕವನ್ನು ನಮ್ಮ ಕಚೇರಿಯಲ್ಲಿ ಯಾರೂ ಪಾಸು ಮಾಡುವುದಿಲ್ಲ.

ಇನ್ನು ಕಂಪನಿ ಯಾವುದು, ಅಂದರೆ ಯಾವ ದೇವರು? ಕೋಷ್ಟಕದಲ್ಲಿ ಇರುವುದು ಎರಡೇ ಮನೆ, ಇದ್ದಾನೆ ಮತ್ತು ಇಲ್ಲ. ಇಮಾಮರೂ ಇದೇ ವಾದವನ್ನು ಹೂಡಬಹುದಲ್ಲ ಎಂದು ಫ್ರೆಂಚ್ ಚಿಂತಕ ಡಿಡೆರೋ ಹದಿನೆಂಟನೆಯ ಶತಮಾನದಲ್ಲೇ ಕೇಳಿದ್ದ. ಭಟ್ಕಳದ ಮಸೀದಿ, ಬಸದಿಗಳಿಂದ ಹೊರಟು ಗೋಕರ್ಣ ದಾಟಿ ಕಾರವಾರದ ಚರ್ಚುಗಳವರೆಗೆ ಒಂದು ದಿನ ಬಸ್ಸಿನಲ್ಲಿ ಹೋದವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಮೆಯಲ್ಲಾದರೆ ಎರಡು ಕಂಪನಿಗಳ ಪಾಲಿಸಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಫಾರ್ಮಿನಲ್ಲಿ ತಿಳಿಸಿದರಾಯಿತು. ಪ್ಯಾಸ್ಕಲನ ದೇವರು ಅದನ್ನು ಒಪ್ಪುವವನಲ್ಲ. ನಮ್ಮ ಜನ ಅದನ್ನು ತಲೆಗೆ ಹಚ್ಚಿಕೊಳ್ಳದೆ ಇಡಗುಂಜಿ ಗಣಪತಿಗೂ ಹೋಗುತ್ತಾರೆ, ದರ್ಗಾಕ್ಕೂ ಹೋಗುತ್ತಾರೆ ಎಂಬುದು ಬೇರೆ ಮಾತು.

ಆದರೆ ನನ್ನನ್ನು ನಿಜವಾಗಿ ತಡೆಯುವುದು ಲೆಕ್ಕವಲ್ಲ, ಪ್ರಪೋಸಲ್ ಫಾರ್ಮು. ವಿಮೆಯ ಕರಾರು ನಿಂತಿರುವುದು ಎರಡೂ ಕಡೆಯವರು ಗೊತ್ತಿದ್ದುದನ್ನು ಮುಚ್ಚಿಡಬಾರದೆಂಬ ಕಟ್ಟಲೆಯ ಮೇಲೆ. ತಂಬಾಕಿನ ಅಭ್ಯಾಸವಿದೆಯೇ ಎಂದು ಕೇಳಿದರೆ, ಬಾಯ್ತುಂಬ ಹೊಗೆಸೊಪ್ಪಿನ ಕವಳ ಇಟ್ಟುಕೊಂಡೇ ಕೈಯಾಡಿಸಿ ‘ಇಲ್ಲ’ ಎಂದವರನ್ನು ಕಂಡಿದ್ದೇನೆ. ಅಂಥ ಸುಳ್ಳನ್ನು ಕಂಡುಹಿಡಿಯಲು ವಿಮಾ ಕಾಯ್ದೆಯ 45ನೇ ಕಲಮು ಕಂಪನಿಗೆ ಮೂರು ವರ್ಷ ಕೊಡುತ್ತದೆ. ಆಮೇಲೆ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಎಲ್ಲ ಬಲ್ಲವನಿಗೆ ಮೂರು ಕ್ಷಣವೂ ಬೇಡ. ‘ನಂಬುತ್ತೀರಾ’ ಎಂಬ ಅಂಕಣದಲ್ಲಿ, ನಂಬಿಕೆ ಬಂದಿಲ್ಲವಾದರೂ ಲಾಭಕ್ಕಾಗಿ ‘ಹೌದು’ ಎಂದು ಬರೆದವನ ಕ್ಲೇಮು ಏನಾದೀತು?

ಇಲ್ಲಿ ಬೆಳೆ ವಿಮೆಯನ್ನು ನೆನೆಯಬೇಕು. ಅಡಿಕೆಯ ಹವಾಮಾನ ಆಧಾರಿತ ವಿಮೆಗೆ ಬೆಳೆಗಾರರು ವಿಮಾ ಮೊತ್ತದ ಶೇ. 5ರಷ್ಟು ಕಟ್ಟುತ್ತಾರೆ. ಪರಿಹಾರ ಲೆಕ್ಕ ಹಾಕುವಾಗ ಯಾರೂ ತೋಟಕ್ಕೆ ಬಂದು ಕೊಳೆತ ಅಡಿಕೆ ಗೊನೆಗಳನ್ನು ಎಣಿಸುವುದಿಲ್ಲ. ಪಂಚಾಯಿತಿಯ ಮಳೆಮಾಪಕ ಏನು ಹೇಳಿತೆಂದು ನೋಡುತ್ತಾರೆ. ನಮ್ಮ ಹಿರಿಯರ ಪೂಜೆಯ ಪಾಲಿಸಿ ಈ ಜಾತಿಯದಾಗಿದ್ದರೆ, ಅಂದರೆ ಹಚ್ಚಿದ ದೀಪ, ಬಾರಿಸಿದ ಗಂಟೆಗಳನ್ನು ಹೊರಗಿನಿಂದ ಎಣಿಸಿ ಮೊತ್ತ ಕೊಡುವಂಥದ್ದಾಗಿದ್ದರೆ, ಅವರ ಮಾತಿಗೆ ಸ್ವಲ್ಪ ಅರ್ಥವಿತ್ತು. ಆದರೆ ದೇವರು ಮಾಪಕ ನೋಡುತ್ತಾನೆಂದು ನನಗೆ ಯಾವ ಭಕ್ತರೂ ಹೇಳಿಲ್ಲ. ಅವನು ತೋಟದೊಳಗೇ ಬರುವವನು ಎಂದೇ ಎಲ್ಲರೂ ಹೇಳಿದ್ದು.

ಪ್ಯಾಸ್ಕಲ್ ಇದಕ್ಕೆ ಉತ್ತರ ಕೊಡದೆ ಬಿಟ್ಟಿಲ್ಲ. ನಂಬಲಾಗದವರು ನಂಬಿದವರಂತೆ ನಡೆಯಲಿ, ತೀರ್ಥ ತೆಗೆದುಕೊಳ್ಳಲಿ, ಪೂಜೆ ಮಾಡಿಸಲಿ. ನಂಬಿಕೆ ಹಿಂದಿನಿಂದ ಬರುತ್ತದೆ ಎನ್ನುತ್ತಾನೆ. ಇದನ್ನು ಕೇವಲ ಬೂಟಾಟಿಕೆ ಎಂದು ತಳ್ಳುವುದು ಸರಿಯಲ್ಲ. ಅಪ್ಪನ ಹೆದರಿಕೆಗೆ ಸಂಧ್ಯಾವಂದನೆ ಮಾಡುತ್ತಿದ್ದ ಹುಡುಗರು ನಲವತ್ತರ ಹೊತ್ತಿಗೆ ಅದನ್ನು ಬಿಟ್ಟಿರಲಾರದವರಾದದ್ದನ್ನು ನಾನೇ ಕಂಡಿದ್ದೇನೆ. ರೂಢಿಗೆ ಆ ಶಕ್ತಿಯಿದೆ. ಆದರೆ ಅದು ಯಾವ ನಂಬಿಕೆಯನ್ನಾದರೂ ಬೇರೂರಿಸಬಲ್ಲದು, ಸುಳ್ಳನ್ನೂ ಬೇರೂರಿಸಬಲ್ಲದು. ಕಂತು ಅಲ್ಪ ಎಂಬ ಮಾತು ನನಗೆ ಅನುಮಾನವಾಗುವುದು ಇಲ್ಲಿಯೇ, ಏಕೆಂದರೆ ಕಟ್ಟುತ್ತಿರುವುದು ಹೂವು ಕಾಯಿಯ ದುಡ್ಡನ್ನಲ್ಲ, ನಿಜ ಯಾವುದೆಂದು ಕೇಳುವ ಅಭ್ಯಾಸವನ್ನು.

ಸ್ವತಃ ಪ್ಯಾಸ್ಕಲ್ ಈ ಪಾಲಿಸಿ ಕೊಂಡವನಲ್ಲ. ಜೂಜಿನ ಪತ್ರಗಳ ಅದೇ 1654ರ ನವೆಂಬರ್ 23ರ ರಾತ್ರಿ ಅವನಿಗೆ ತೀವ್ರವಾದ ದೈವಾನುಭವವೊಂದಾಯಿತು. ಅದನ್ನು ‘ಬೆಂಕಿ’ ಎಂಬ ಶಬ್ದದಡಿ ಬರೆದಿಟ್ಟ ಕಾಗದ ಅವನ ಅಂಗಿಯ ಒಳಪದರದಲ್ಲಿ ಹೊಲಿದಿದ್ದು, ಸತ್ತ ಮೇಲೆ ಸಿಕ್ಕಿತು. ಪಂಥದ ವಾದವನ್ನು ಅವನು ಜೂಜುಕೋರ ಗೆಳೆಯರ ಭಾಷೆಯಲ್ಲಿ ಅವರಿಗಾಗಿಯೇ ಬರೆದನೆಂದು ನಾನು ಓದಿಕೊಳ್ಳುತ್ತೇನೆ. ಇದು ಇಷ್ಟು ದೊಡ್ಡ ಪ್ರಶ್ನೆ, ಉದಾಸೀನ ಮಾಡಬೇಡಿ ಎನ್ನುವ ಮಟ್ಟಿಗೆ ಅದು ಗಟ್ಟಿಯಾಗಿಯೂ ಇದೆ.

ಪಂಥವನ್ನೇ ಕಟ್ಟಬೇಕೆಂದರೆ ನನಗೆ ಒಪ್ಪಿಗೆಯಾಗುವುದು ಪಾಳಿ ಭಾಷೆಯ ಅಪಣ್ಣಕ ಸುತ್ತವೆಂಬ ಉಪದೇಶದಲ್ಲಿ ಬುದ್ಧ ಹೇಳುವ ರೀತಿ. ಪರಲೋಕವಿದ್ದರೆ ಒಳ್ಳೆಯ ನಡತೆಯವನಿಗೆ ಅಲ್ಲಿ ಒಳಿತು. ಇಲ್ಲದಿದ್ದರೂ ಬಲ್ಲವರು ಅವನನ್ನು ಇಲ್ಲಿಯೇ ಮೆಚ್ಚುತ್ತಾರೆ. ಅಲ್ಲಿ ಪಣಕ್ಕಿಟ್ಟಿರುವುದು ನಡತೆಯನ್ನು. ಬದುಕಿದ್ದಾಗಲೇ ಕೈಗೆ ಬರುವ ಮನಿ ಬ್ಯಾಕ್ ಪಾಲಿಸಿಯ ಹಾಗೆ, ಬೇಕೆಂದರೆ ಇವತ್ತಿನಿಂದ ಕಟ್ಟಬಹುದಾದದ್ದು.

ಹರಕೆಯನ್ನೂ ಜನ ವಿಮೆ ಎನ್ನುವುದುಂಟು. ಅದು ಹಾಗಲ್ಲ. ವಿಮೆಯಲ್ಲಿ ಹಣ ಮೊದಲು, ಕಷ್ಟ ಆಮೇಲೆ. ಹರಕೆಯಲ್ಲಿ ಕಷ್ಟ ಮೊದಲು, ಕಳೆದ ಮೇಲೆ ಮಾರಿಕಾಂಬೆಗೆ ತುಲಾಭಾರ. ಹೊನ್ನಾವರದ ಬೋಟಿನ ಮಾಲಕರೊಬ್ಬರು ಬೋಟಿನ ವಿಮೆಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಡುವುದನ್ನೂ ತಪ್ಪಿಸಿದವರಲ್ಲ. ಎರಡೂ ಒಂದೇ ಅಲ್ಲವೇ ಎಂದು ಕೆಣಕಿದ್ದಕ್ಕೆ, ‘ಬೋಟು ಮುಳುಗಿದ್ರೆ ನಿಮ್ಮತ್ರ ಬರ್ತೆ ಮಾರಾಯ್ರೆ, ಸಮುದ್ರದ ಹತ್ರ ಕಾಯಿ ವಾಪಸ್ ಕೇಳ್ತ್ರಾ ಯಾರಾದ್ರೂ?’ ಎಂದರು.

ಜಗಲಿಯ ಹಿರಿಯರಿಗೆ ಇದಿಷ್ಟನ್ನೂ ಹೇಳಿದೆ. ಅವರು ಕವಳದ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು, ‘ಹಂಗಾದ್ರೆ ಪೂಜೆ ಬಿಡವನಾ ಈಗ?’ ಎಂದರು. ಬಿಡಿ ಎಂದು ನಾನು ಹೇಳಿಲ್ಲ, ವಿಮೆ ಎನ್ನಬೇಡಿ ಎಂದಷ್ಟೇ ಹೇಳಿದ್ದು ಎಂದೆ. ಅವರು ಸ್ವಲ್ಪ ಹೊತ್ತು ಅಂಗಳದ ಮಳೆ ನೋಡಿದರು. ಆಮೇಲೆ, ಪಂಚಾಯಿತಿಯ ಮಾಪಕ ಈ ಸಲ ಸರಿಯಾಗಿ ಓಡುತ್ತಿದೆಯೇ ಎಂದು ವಿಚಾರಿಸಿದರು.