ಕಾಡು ಬೋಳಿಸಿದರೆ ಮಂಗನ ಕಾಯಿಲೆ ಹೋಗುತ್ತದಾ?

ಪ್ರಶ್ನೆ: ನಮ್ಮ ಮನೆ ಕಾಡಿನ ಪಕ್ಕದಲ್ಲೇ ಇದೆ. ಪ್ರತಿ ಬೇಸಿಗೆಯಲ್ಲೂ ಮಂಗನ ಕಾಯಿಲೆಯ ಹೆದರಿಕೆ. ಕಾಡಿನಿಂದ ಬರುವ ಕಾಯಿಲೆ ಅಂದ ಮೇಲೆ ಸುತ್ತಲಿನ ಕಾಡು ತೆಗೆದುಬಿಟ್ಟರೆ ಮುಗಿಯಿತಲ್ಲ? ಅಭಯಾರಣ್ಯ ಅಂತ ಉಳಿಸಿಕೊಂಡು ಯಾಕೆ ಒದ್ದಾಡಬೇಕು?

ಉತ್ತರ: ತೆಗೆದು ನೋಡಿದ್ದಾಗಿದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ, ಪಟ್ರಮೆ ಕಡೆ ಗೇರು ತೋಟಕ್ಕೆಂದು ನೂರಾರು ಎಕರೆ ಕಾಡು ಕಡಿದರು. ಮಂಗಗಳು ಸತ್ತು ಬಿದ್ದವು, ಮರ ಕಡಿಯಲು ಹೋದ ಕೂಲಿಗಳು ಜ್ವರ ಬಂದು ಮಲಗಿದರು. 1983ರಲ್ಲಿ 1500ಕ್ಕೂ ಹೆಚ್ಚು ಜನರಿಗೆ ಕಾಯಿಲೆ ತಗುಲಿ ಸುಮಾರು 150 ಮಂದಿ ತೀರಿಕೊಂಡರು. ಕಾಡು ಮುಟ್ಟಿದ್ದಕ್ಕೆ ದೈವ ಮುನಿದಿದೆ ಅಂತ ಊರಲ್ಲಿ ಮಾತಾಡಿಕೊಂಡರು. ನನ್ನ ಪ್ರಕಾರ ಆ ಮಾತು ಅಷ್ಟೇನೂ ದಾರಿ ತಪ್ಪಿರಲಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದು ಮೊದಲು ಪತ್ತೆಯಾದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಇದು ಸೊಳ್ಳೆಯಿಂದ ಹರಡುವ ಹಳದಿ ಜ್ವರವೇ ಇರಬಹುದೆಂಬ ಅನುಮಾನವಿತ್ತು. ಆಮೇಲೆ ತಿಳಿದದ್ದು, ಹರಡುವುದು ಸೊಳ್ಳೆಯಲ್ಲ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು (ಉಣ್ಣೆ) ಅಂತ. ಮಂಗನ ಕಾಯಿಲೆ ಅನ್ನುವ ಹೆಸರೇ ಮಂಗಕ್ಕೆ ಮಾಡಿದ ಅನ್ಯಾಯ. ನಮಗಿಂತ ಮೊದಲು ಸಾಯುವುದು ಅದೇ. ಮುಸುವವೋ ಮಂಗವೋ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣುಗುಗಳು ಅಲ್ಲೇ ನೆಲಕ್ಕೆ ಉದುರಿ ಮುಂದಿನ ಮೈಗಾಗಿ ಕಾಯುತ್ತವೆ.

ಈ ಉಣುಗಿನ ವರ್ಷಚಕ್ರ ನೋಡಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ದೊಡ್ಡ ಉಣುಗುಗಳು ಮಳೆಗಾಲದಲ್ಲಿ ದನ, ಕಡವೆಯಂಥ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತವೆ. ಹೊಟ್ಟೆ ತುಂಬಿದ ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮಳೆ ಹಿಂದೆಗೆದ ಮೇಲೆ ಮರಿಗಳು ಇಲಿ, ಹಕ್ಕಿ, ಮಂಗಗಳ ಮೈ ಸೇರಿ, ನವೆಂಬರಿನಿಂದ ಮೇವರೆಗೆ ಎಳೆ ಉಣುಗುಗಳಾಗಿ ತರಗೆಲೆಯಲ್ಲಿ ಕೂರುತ್ತವೆ. ಎಳ್ಳುಕಾಳಿನಷ್ಟೂ ಇಲ್ಲದ ಇವೇ ನಮ್ಮನ್ನು ಕಚ್ಚುವುದು. ನಾವು ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ತರಗೆಲೆ, ಗುಡಿಸಿ ತರಲು ಬುಟ್ಟಿ ಹಿಡಿದು ಸೊಪ್ಪಿನಬೆಟ್ಟಕ್ಕೆ (ಸೊಪ್ಪು, ದರಗು ತರುವ ಕಾಡಿಗೆ) ಹೋಗುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಸಂಜೆ ಸ್ನಾನಕ್ಕೆ ನೀರು ಕಾಯುವಷ್ಟರಲ್ಲಿ ಸೊಂಟದ ದಾರದ ಬುಡದಲ್ಲಿ ಏನೋ ತುರಿಕೆ, ಮುಟ್ಟಿದರೆ ಗುಲಗಂಜಿಗಿಂತ ಚಿಕ್ಕ ಗಂಟು.

ಈಗ ಕಾಡು ತುಂಡಾದಾಗ ಏನಾಗುತ್ತದೆ ನೋಡಿ. ಬಿಸಿಲು ಬಿದ್ದ ಕಡೆ ಲಂಟಾನ, ಯುಪಟೋರಿಯಂನಂಥ ಕಳೆಪೊದೆಗಳು ಹಬ್ಬುತ್ತವೆ. ಅದರ ಬುಡದಲ್ಲಿ ಇಲಿ, ಮೂಗಿಲಿ. ಅದೇ ಪೊದೆಯ ಸಂದಿನಲ್ಲಿ ದಿನಾ ದನ ಮೇಯುತ್ತವೆ. ದನಕ್ಕೆ ಈ ವೈರಸ್ಸಿನಿಂದ ಏನೂ ಆಗುವುದಿಲ್ಲ, ಆದರೆ ಉಣುಗಿನ ಸಂಸಾರಕ್ಕೆ ಅದು ಅನ್ನ ಹಾಕುತ್ತದೆ. ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲೇ ಬೊಟ್ಟು ಮಾಡಿದ್ದು ಇದನ್ನೇ. ಕಾಡು, ತೋಟ ಒಂದರೊಳಗೊಂದು ಕಲಸಿಕೊಂಡು ದನ ಹೆಚ್ಚಿರುವ ಕಡೆ ಅಪಾಯ ಹೆಚ್ಚು ಅಂತ 2020ರ ಅಧ್ಯಯನವೂ ಹೇಳಿತು. ಅಂದರೆ ಕಾಯಿಲೆಯ ಮನೆ ಕಾಡಿನ ಅಂಚು. ಕಾಡು ಕಡಿದಷ್ಟೂ ಅಂಚು ಉದ್ದವಾಗುತ್ತದೆ, ಸೀರೆ ಹರಿದಷ್ಟೂ ಸೆರಗು ಹೆಚ್ಚಾದ ಹಾಗೆ.

ಹಾಗಂತ ಅಭಯಾರಣ್ಯದ ಬೋರ್ಡ್ ನೋಡಿ ವೈರಸ್ ವಾಪಸ್ ಹೋಗುವುದಿಲ್ಲ. 2012ರ ಕೊನೆಯಲ್ಲಿ ಬಂಡೀಪುರದಲ್ಲೇ ಮಂಗಗಳು ಸತ್ತವು, ಅವುಗಳ ಹೆಣ ಸುಟ್ಟ ಅರಣ್ಯ ಸಿಬ್ಬಂದಿಗೇ ಜ್ವರ ಬಂತು. ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ. ದೊಡ್ಡದಾಗಿ, ಇಡಿಯಾಗಿ ಉಳಿದ ಕಾಡಿನಿಂದ ಆಗುವ ಲಾಭ ಬೇರೆ: ಒಳಗೆ ವೈರಸ್ ಇದ್ದರೂ ಅದರ ಜೊತೆ ನಮ್ಮ ಮುಖಾಮುಖಿ ಕಡಿಮೆ. ಅದಕ್ಕೆ ನಕ್ಷೆಯಲ್ಲಿ ಗೆರೆ ಎಳೆದರೆ ಸಾಲದು. ಅಂಚಿನ ಮನೆಗೆ ಅಡುಗೆ ಗ್ಯಾಸ್, ಕೊಟ್ಟಿಗೆಯಲ್ಲೇ ಮೇವು, ದರಗಿಗೆ ಬದಲಿ ಏನಾದರೂ ಸಿಗಬೇಕು. ಇದು ಬಿಟ್ಟು ಬೇಲಿ ಮಾತ್ರ ಹಾಕಿದರೆ ಜನ ಬೇಲಿ ನುಸುಳಿಯೇ ದರಗು ತರುತ್ತಾರೆ, ಅವರದೇನು ತಪ್ಪು?

ಹಳೆಯ ಲಸಿಕೆಯನ್ನು ಪರಿಣಾಮ ಸಾಲದೆಂದು ನಿಲ್ಲಿಸಿದ್ದಾರೆ. ಆದ್ದರಿಂದ ಸದ್ಯಕ್ಕೆ ಉಣುಗು ಕಚ್ಚದ ಹಾಗೆ ನೋಡಿಕೊಳ್ಳಬೇಕು: ಕಾಡಿಗೆ ಹೋಗುವ ಮೊದಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನ ಸ್ನಾನ, ಹಾಕಿದ್ದ ಬಟ್ಟೆ ಕುದಿಯುವ ನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಕೋಲಿನಿಂದ ಮಗುಚುವುದೂ ಬೇಡ, ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ. ಅವರು ಬಂದು ಮುಗಿಸುವವರೆಗೆ ದನವನ್ನೂ ಆ ಕಡೆ ಹೊಡೆಯಬೇಡಿ.