ಐದು ಚಕ್ಕಡಿಗೆ ಇಪ್ಪತ್ತು ಎತ್ತು ಹೂಡಬೇಡಿ

ಒಂದು ಚಕ್ಕಡಿಗೆ ಎರಡು ಎತ್ತು. ಚಕ್ಕಡಿಗಳ ಸಂಖ್ಯೆ ಚ, ಎತ್ತುಗಳ ಸಂಖ್ಯೆ ಎ. ಇವೆರಡರ ಸಂಬಂಧವನ್ನು ಸಮೀಕರಣವಾಗಿ ಬರೆಯಿರಿ.

ಹಾವೇರಿ, ಗದಗ ಕಡೆಯ ಹಳ್ಳಿಯಲ್ಲಿ ಚಕ್ಕಡಿ ಕಾಣದ ಏಳನೇ ತರಗತಿಯ ಹುಡುಗ ಸಿಗುವುದು ಕಷ್ಟ. ಆದರೂ ಬೋರ್ಡಿನ ಮೇಲೆ ಮೊದಲು ಬೀಳುವುದು ಚ = 2ಎ. ಐದು ಚಕ್ಕಡಿ, ಹತ್ತು ಎತ್ತು ಇಟ್ಟು ನೋಡಿ: 5 = 20. ಲೆಕ್ಕ ಮಗುಚಿ ಬಿತ್ತು. ಸರಿಯಾದದ್ದು ಎ = 2ಚ.

ಮಗ್ಗಿ ಬಾರದವರಷ್ಟೇ ಮಾಡುವ ತಪ್ಪಲ್ಲ ಇದು. ಡಿಗ್ರಿ ಮುಗಿಸಿದವರೂ ಜಾರುತ್ತಾರೆ. ವಾಕ್ಯದಲ್ಲಿ ಪದ ಬಂದ ಸಾಲಿನಲ್ಲೇ ಅಕ್ಷರ ಇಳಿಸಿದರೆ ಹೀಗೇ ಆಗುವುದು. ಅದಕ್ಕಿಂತ ಆಳದಲ್ಲಿ ಇನ್ನೊಂದು ಕಾರಣವಿದೆ: ಎ ಎಂದರೆ 'ಎತ್ತು' ಎಂದು ಹುಡುಗ ಓದಿಕೊಂಡಿದ್ದಾನೆ. ಎ ಎತ್ತಲ್ಲ, ಎತ್ತುಗಳ ಎಣಿಕೆ. ಅದು ಸಂಖ್ಯೆ.

ಈ ರೋಗ ಅಂಟುವುದು ಹಣ್ಣಿನ ಬುಟ್ಟಿಯಿಂದ. "2 ಮಾವು, 3 ಪೇರಲ ಕೂಡಿಸಲು ಬರುವುದಿಲ್ಲ, ಹಾಗೇ 2ಮ + 3ಪ ಕೂಡಿಸಲು ಬರುವುದಿಲ್ಲ" ಎಂದು ಸಜಾತಿ, ವಿಜಾತಿ ಪದಗಳ ಪಾಠವನ್ನು ಐದು ನಿಮಿಷದಲ್ಲಿ ಮುಗಿಸಬಹುದು. ಮುಂದಿನ ತಿಂಗಳು ಮ × ಪ ಬರುತ್ತದೆ. ಮಾವಿನಹಣ್ಣನ್ನು ಪೇರಲಹಣ್ಣಿನಿಂದ ಗುಣಿಸುವುದು ಹೇಗೆ? ಧಾರವಾಡದ ಆಪೂಸೇ ಆಗಲಿ, ಗುಣಾಕಾರಕ್ಕೆ ಒಗ್ಗುವುದಿಲ್ಲ. ಮ ಎಂದರೆ ಒಂದು ಮಾವಿನ ದರ, ಪ ಎಂದರೆ ಒಂದು ಪೇರಲದ ದರ ಎಂದು ಮೊದಲ ದಿನವೇ ಹೇಳಿದ್ದರೆ 2ಮ + 3ಪ ಒಟ್ಟು ಬಿಲ್ಲಾಗುತ್ತಿತ್ತು. ದರ ಗೊತ್ತಾಗುವ ತನಕ ಅದನ್ನು ಮುಂದೆ ಕೂಡಿಸಲಾಗುವುದಿಲ್ಲ ಎಂಬುದು ತಾನಾಗಿಯೇ ಹೊಳೆಯುತ್ತಿತ್ತು.

ನಮ್ಮ ಹಳಬರು ಈ ವಿಷಯದಲ್ಲಿ ಚೊಕ್ಕ. 12ನೇ ಶತಮಾನದ ಭಾಸ್ಕರಾಚಾರ್ಯ ಅಜ್ಞಾತಕ್ಕೆ ಬಳಸಿದ ಹೆಸರು 'ಯಾವತ್ತಾವತ್', ಅಂದರೆ ಎಷ್ಟೋ ಅಷ್ಟು. ವಸ್ತುವಿನ ಹೆಸರಲ್ಲ, ಪ್ರಮಾಣದ ಹೆಸರು. ಗಿಡ್ಡ ರೂಪ 'ಯಾ'. ಎರಡನೆಯ ಅಜ್ಞಾತ ಬಂದರೆ ಕಾಲಕ, ಮೂರನೆಯದಕ್ಕೆ ನೀಲಕ, ಆಮೇಲೆ ಪೀತಕ, ಲೋಹಿತಕ ಎಂದು ಬಣ್ಣಗಳ ಸಾಲು. ಬರಿ ಸಂಖ್ಯೆಗೆ 'ರೂಪ', ಗಿಡ್ಡದಾಗಿ 'ರೂ'. ಸಮಚಿಹ್ನೆ ಇರಲಿಲ್ಲ, ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಬರೆಯುತ್ತಿದ್ದರು:

ಯಾ 3 ರೂ 4
ಯಾ 0 ರೂ 19

ಇಂದಿನ ರೀತಿಯಲ್ಲಿ ಇದು 3ಯಾ + 4 = 19. ಪುಸ್ತಕದ ಎಕ್ಸ್ ಬದಲು ಇಲ್ಲಿ ಯಾ ಎಂದೇ ಇಟ್ಟುಕೊಳ್ಳೋಣ. ಭಾಸ್ಕರಾಚಾರ್ಯನಿಗಿಂತ ಸುಮಾರು ಮುನ್ನೂರು ವರ್ಷ ಮೊದಲು, ಈ ಸೀಮೆ ರಾಷ್ಟ್ರಕೂಟರ ಕೈಯಲ್ಲಿದ್ದಾಗ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಅಮೋಘವರ್ಷ ನೃಪತುಂಗನನ್ನು ಹೊಗಳಿ, ಇಷ್ಟು ಭಾಗ ಅಲ್ಲಿ ಹೋಯಿತು, ಇಷ್ಟು ಇಲ್ಲಿ ಹೋಯಿತು, ಉಳಿದದ್ದು ಇಷ್ಟು, ಮೊದಲೆಷ್ಟಿತ್ತು ಎಂಬ ಲೆಕ್ಕಗಳನ್ನು ರಾಶಿ ಹಾಕಿದ. ಎರಡು ಅಡ್ಡಗೆರೆಯ = ಬಂದದ್ದು 1557ರಲ್ಲಿ, ವೇಲ್ಸಿನ ರಾಬರ್ಟ್ ರೆಕಾರ್ಡ್‌ನಿಂದ. ಎರಡು ಸಮಾನಾಂತರ ಗೆರೆಗಳಿಗಿಂತ ಸಮಾನವಾದದ್ದು ಮತ್ತೊಂದಿಲ್ಲ ಎಂಬುದು ಅವನು ಕೊಟ್ಟ ಕಾರಣ.

ಆ ಸಮಾನತೆಯೇ ತರಗತಿಯಲ್ಲಿ ಕಳೆದುಹೋಗಿದೆ. 8 + 4 = ☐ + 5 ಬರೆದು ಕೇಳಿ. "ಹನ್ನೆರಡ್ರಿ ಸರ್!" ಐದು ವರ್ಷ 8 + 4 = ಮಾಡಿದ ಮಕ್ಕಳಿಗೆ = ಎಂದರೆ 'ಉತ್ತರ ಬರಿ' ಎಂಬ ಅಪ್ಪಣೆ. ಬೇಕಾದದ್ದು 7. ಇದು ಗಟ್ಟಿಯಾಗದೆ ಸಮೀಕರಣಕ್ಕೆ ಕೈ ಹಾಕಿದರೆ ಉಳಿಯುವುದು ಮಂತ್ರ ಮಾತ್ರ: "ಆ ಕಡಿ ಹ್ವಾದ್ರ ಚಿಹ್ನೆ ಬದಲಾಗತೈತಿ." ಪುಸ್ತಕದ ಭಾಷೆಯಲ್ಲಿ ಪಕ್ಷಾಂತರ. ಶಾಸಕರು ಪಕ್ಷಾಂತರ ಮಾಡಿದರೆ ಶಾಲಿನ ಬಣ್ಣ ಬದಲು, ಪದ ಮಾಡಿದರೆ ಚಿಹ್ನೆ ಬದಲು. ಏಕೆಂದು ಯಾರೂ ಕೇಳುವುದಿಲ್ಲ. ನಿಂಬೆಹಣ್ಣು ಕಟ್ಟಿದರೆ ಗಾಡಿ ಉರುಳುವುದಿಲ್ಲ ಎನ್ನುವಷ್ಟೇ ನಂಬಿಕೆ. 3ಯಾ = 15 ಬಂದಾಗ ಮಂತ್ರ ಕೈಕೊಡುತ್ತದೆ: ಒಬ್ಬ 15 − 3 = 12 ಎನ್ನುತ್ತಾನೆ, ಇನ್ನೊಬ್ಬಳು ಚಿಹ್ನೆ ಬದಲಿಸಿ 15 ÷ (−3) = −5 ಎನ್ನುತ್ತಾಳೆ. ಇಬ್ಬರೂ ಹೇಳಿಕೊಟ್ಟದ್ದನ್ನೇ ಮಾಡಿದ್ದಾರೆ.

ಪದ ಎಲ್ಲಿಗೂ ಹೋಗುವುದಿಲ್ಲ. ಎರಡೂ ಕಡೆ ಒಂದೇ ಕೆಲಸ ನಡೆಯುತ್ತದೆ, ಅಷ್ಟೆ. ಅದನ್ನು ಕಣ್ಣಿಗೆ ಕಾಣಿಸಲು ತಕ್ಕಡಿ ಬೇಕು, ಚಿತ್ರದ್ದಲ್ಲ, ತೂಗುವಂಥದ್ದು. ಕಿರಾಣಿ ಅಂಗಡಿಯ ದೊಡ್ಡ ತಕ್ಕಡಿ ಒಂದು ನಾಣ್ಯಕ್ಕೆ ಅಲುಗಲಿಕ್ಕಿಲ್ಲ. ಬಟ್ಟೆ ಹಾಕುವ ಪ್ಲಾಸ್ಟಿಕ್ ಹ್ಯಾಂಗರ್‌ನ ಎರಡು ತುದಿಗೆ, ನಡುವಿನಿಂದ ಸಮ ಅಂತರದಲ್ಲಿ, ಒಂದೇ ಅಳತೆಯ ಡಬ್ಬಿ ಮುಚ್ಚಳ ತೂಗುಬಿಟ್ಟರೆ ಸಾಕು. ದಾರ ಜಾರದಂತೆ ಚಿಕ್ಕ ಕಚ್ಚು ಕೊಡಿ.

3ಯಾ + 4 = 19 ತೂಗಿ ತೋರಿಸಲು ಬೇಕಾದದ್ದು 6 ಖಾಲಿ ಕಡ್ಡಿಪೆಟ್ಟಿಗೆ, 38 ಒಂದು ರೂಪಾಯಿ ನಾಣ್ಯ. ಮೂರು ಪೆಟ್ಟಿಗೆಗೆ ಐದೈದು ನಾಣ್ಯ ತುಂಬಿ ಎಡಗಡೆ ಇಡಿ, ಜೊತೆಗೆ 4 ಬಿಡಿ ನಾಣ್ಯ. ಬಲಗಡೆ 19 ಬಿಡಿ ನಾಣ್ಯ ಮತ್ತು ಖಾಲಿ ಪೆಟ್ಟಿಗೆ ಮೂರು. ಖಾಲಿ ಪೆಟ್ಟಿಗೆ ಮರೆತರೆ ರಟ್ಟಿನ ಭಾರಕ್ಕೇ ತಕ್ಕಡಿ ಎಡಕ್ಕೆ ವಾಲುತ್ತದೆ, ಪಾಠ ಅಲ್ಲಿಗೇ ಕೆಡುತ್ತದೆ. ಆರೂ ಪೆಟ್ಟಿಗೆಗೆ ಒಂದೇ ಅಳತೆಯ ಕಾಗದದ ತುಂಡು ತುರುಕಿ, ಇಲ್ಲವಾದರೆ ಮಕ್ಕಳು ಅಲ್ಲಾಡಿಸಿ ಸದ್ದಿನಲ್ಲೇ ಎಣಿಸಿಬಿಡುತ್ತಾರೆ. ನಾಣ್ಯವೆಲ್ಲ ಒಂದೇ ಮಾದರಿಯದಿರಲಿ: 2011ರ ಮಾದರಿಯದು 3.79 ಗ್ರಾಂ, 2019ರದು 3.09. ಹಳೆಯವು ಐದು ಸೇರಿ 18.95 ಗ್ರಾಂ, ಹೊಸವು ಆರು ಸೇರಿ 18.54. ಬೆರೆಸಿದರೆ ಈ ತಕ್ಕಡಿಗೆ ಐದೂ ಆರೂ ಒಂದೇ! ಹುಣಸೆ ಬೀಜದಲ್ಲಿ ಮಾಡೋಣವೆಂದರೆ ಒಂದರಂತೆ ಒಂದು ಇರುವುದಿಲ್ಲ.

ಮೊದಲು ಬೇಕೆಂದೇ ಎಡಗಡೆಯ 4 ನಾಣ್ಯ ಮಾತ್ರ ತೆಗೆಯಿರಿ. ತಕ್ಕಡಿ ಬಲಕ್ಕೆ ವಾಲುತ್ತದೆ. ಸಮ ಮಾಡಲು ಏನು ಮಾಡೋಣ ಎಂದು ಕೇಳಿ ಸುಮ್ಮನಿರಿ. ಬಲಗಡೆಯಿಂದಲೂ 4 ತೆಗೆಯಬೇಕು ಎಂದು ಅವರೇ ಹೇಳುತ್ತಾರೆ. 19 − 4 ಎಂಬ ಆ 'ಚಿಹ್ನೆ ಬದಲು' ಹುಟ್ಟಿದ್ದು ಇಲ್ಲಿ. ಈಗ ಬಲದ 15 ನಾಣ್ಯ ಮೂರು ಪಾಲು, ಪಾಲಿಗೊಂದು ಖಾಲಿ ಪೆಟ್ಟಿಗೆ. ಎಡದಿಂದ ಎರಡು ಪೆಟ್ಟಿಗೆ, ಬಲದಿಂದ ಎರಡು ಪಾಲು ತೆಗೆದರೂ ತಕ್ಕಡಿ ಸಮ. ಮೂರರಿಂದ ಭಾಗಿಸುವುದೆಂದರೆ ಇದು. ಪೆಟ್ಟಿಗೆಯನ್ನು ಕಡೆಯಲ್ಲೇ ತೆರೆಯಿರಿ.

ಯಾ + 7 = 3 ಬಂದರೆ ತಕ್ಕಡಿ ಸೋಲುತ್ತದೆ, ಶೂನ್ಯಕ್ಕಿಂತ ಹಗುರವಾದ ಪೆಟ್ಟಿಗೆ ಇಲ್ಲ. ಆಗ ಅಂಗಡಿಯ ಉದ್ರಿ ವಹಿ ಬಿಚ್ಚಬೇಕು. 628ರಲ್ಲೇ ಬ್ರಹ್ಮಗುಪ್ತ ಧನ, ಋಣ ಎಂದು ಅದೇ ಮಾತಿನಲ್ಲಿ ನಿಯಮ ಹೇಳಿದ್ದ. 5 − (ಯಾ − 3) ಬಿಡಿಸುವಾಗ ಮೂರು ಕೂಡುವುದೇಕೆ? ಮೂರು ರೂಪಾಯಿ ಉದ್ರಿ ಹೊಡೆದುಹಾಕಿದರೆ ಕಿಸೆಗೆ ಮೂರು ಬಂದಂತೆಯೇ.

ಕಡೆಗೆ ತಾಳೆ ನೋಡುವ ಮಾತು. 3ಯಾ + 4 = 7ಯಾ ಎಂದು ಬರೆದ ಹುಡುಗನಿಗೆ 'ತಪ್ಪು' ಎನ್ನುವ ಬದಲು ಒಂದು ಸಂಖ್ಯೆ ಹಾಕಿ ನೋಡು ಎನ್ನಿ. ಅವನು ಹಾಕುವುದು 1, ಅದೇ ಸುಲಭ. ಎಡಕ್ಕೆ 7, ಬಲಕ್ಕೆ 7. ತಪ್ಪು ಪಾಸಾಯಿತು! 2 ಹಾಕಿದರೆ 10, 14, ಇಲ್ಲಿ ಸಿಕ್ಕಿಬಿದ್ದ. ಆದರೆ ಯಾ ವರ್ಗವೂ 2ಯಾ ಕೂಡ ಒಂದೇ ಎಂದವನ ಮುಂದೆ 2 ಕೂಡ ಸುಳ್ಳು ಸಾಕ್ಷಿ, ಎರಡೂ ಕಡೆ 4. ಐದು ಹಾಕಿಸಿ, ಏಳು ಹಾಕಿಸಿ. ಸೊನ್ನೆಯಂತೂ ಬೇಡ. ಚ = 2ಎ ಕೂಡ ಸೊನ್ನೆಗೆ ಸರಿಹೊಂದುತ್ತದೆ: ಚಕ್ಕಡಿಯೂ ಇಲ್ಲ, ಎತ್ತೂ ಇಲ್ಲ.