2719 ಹೊಸದೋ, 2422 ಹೊಸದೋ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್‌ನಲ್ಲಿ ಡೆಲ್ ಪಿ2422ಎಚ್, ಪಿ2719ಎಚ್ ಮಾನಿಟರ್ ಎರಡೂ ಸಿಗುತ್ತಿವೆ. ನಂಬರ್ ಜಾಸ್ತಿ ಇರುವುದೇ ಹೊಸದು ಅಲ್ವಾ?

ಅಲ್ಲ. ಎಷ್ಟನೇ ಸಲ ಹೀಗೆ ‘ಅಲ್ಲ’ ಅಂದೆನೋ, ಲೆಕ್ಕ ಬಿಟ್ಟಿದ್ದೇನೆ.

ಮಂಡ್ಯದವರಿಗೂ ಇದನ್ನು ಹೇಳಿಕೊಡಬೇಕಾ ಅನ್ನುವುದೇ ನನ್ನ ಬೇಸರ. ಕಬ್ಬಿನ ತಳಿ ಕೋ 62175, ಕೋ 86032 ಗೊತ್ತಲ್ಲ? ಕೋ ಅಂದರೆ ಕೊಯಮತ್ತೂರು. 62, 86 ಅನ್ನುವುದು ವರ್ಷ. ಉಳಿದದ್ದು ಕ್ರಮಸಂಖ್ಯೆ. 86032ರಲ್ಲಿ 62175ಕ್ಕಿಂತ 23,857 ಜಾಸ್ತಿ ಸಿಹಿ ಇದೆ ಅಂತ ಯಾವ ರೈತರೂ ಹೇಳುವುದಿಲ್ಲ. ಮಾನಿಟರ್ ಕೊಳ್ಳುವಾಗ ಮಾತ್ರ ನಮಗೆ ಈ ಬುದ್ಧಿ ಎಲ್ಲಿ ಹೋಗುತ್ತದೋ!

ಡೆಲ್ ಹೆಸರನ್ನೂ ಹಾಗೇ ಮುರಿದು ಓದಿ. ಪಿ ಅಂದರೆ ಆಫೀಸ್ ಕೆಲಸದ ಸರಣಿ. 24 ಇಂಚು. 22 ಮಾದರಿಯ ವರ್ಷ. ಎಚ್ ಅಂದರೆ ಫುಲ್ ಎಚ್‌ಡಿ. ಅಲ್ಲಿಗೆ 2719 ಅನ್ನುವುದು 27 ಇಂಚಿನ, 2019ರ ಮಾದರಿ. 2422ಕ್ಕಿಂತ ಮೂರು ವರ್ಷ ಹಳೆಯದು. ಹೆಸರಿನಲ್ಲಿರುವ ವರ್ಷವೂ ಸ್ವಲ್ಪ ಮುಂದೋಡುತ್ತದೆ ಅನ್ನಿ. ಯು2723ಕ್ಯೂಇ ಮಾರಾಟಕ್ಕೆ ಬಂದದ್ದು 2022ರಲ್ಲೇ.

‘ಹಳೆಯದಾದರೇನು, ದೊಡ್ಡದಲ್ವಾ, ಜಾಸ್ತಿ ಕಾಣಿಸುತ್ತದೆ’ ಅನ್ನುವುದು ಮುಂದಿನ ವಾದ. ಕಾಣಿಸುವುದಿಲ್ಲ. ಎರಡರಲ್ಲೂ ಇರುವುದು ಅದೇ ಫುಲ್ ಎಚ್‌ಡಿ, ಅಂದರೆ 1920×1080 ಪಿಕ್ಸೆಲ್ (ಪರದೆಯ ಚುಕ್ಕಿಗಳು). ಅದೇ ಒಂದು ಮೂಟೆ ಭತ್ತವನ್ನು ದೊಡ್ಡ ಕಣದಲ್ಲಿ ಹರವಿದ ಹಾಗೆ. 24ರಲ್ಲಿ ಇಂಚಿಗೆ ಸುಮಾರು 93 ಪಿಕ್ಸೆಲ್, 27ರಲ್ಲಿ 82. ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ನಮ್ಮ ‘ಸ್ವಾತಂತ್ರ್ಯ’, ‘ರಾಷ್ಟ್ರ’ ಚಿಕ್ಕ ಅಕ್ಷರದಲ್ಲಿ ಬಂದರೆ ಒತ್ತುಗಳು ಕಲಸಿಹೋಗುತ್ತವೆ. ದಿನವಿಡೀ ಡಿಟಿಪಿ ಮಾಡುವವರನ್ನು ಕೇಳಿ ನೋಡಿ. 27 ಬೇಕೇ ಬೇಕು ಅಂದರೆ ಎಚ್ ಬಿಡಿ, ಆ ಜಾಗದಲ್ಲಿ ಡಿ ಅಥವಾ ಕ್ಯೂ ಹುಡುಕಿ. ಡಿ ಅಂದರೆ 2560×1440, ಅಂದರೆ ಕ್ಯೂಎಚ್‌ಡಿ. ಕ್ಯೂ ಅಂದರೆ 4ಕೆ, ಅಂದರೆ 3840×2160. ಹೌದು, ಕ್ಯೂಎಚ್‌ಡಿಗೆ ಕ್ಯೂ ಅಲ್ಲ. ನಾನು ಇಟ್ಟ ಹೆಸರಲ್ಲ, ನನ್ನನ್ನು ಬೈಯಬೇಡಿ.

ಎಲ್‌ಜಿಯವರದು ಬೇರೆ ಲೆಕ್ಕ. 27ಯುಎಲ್500ರಲ್ಲಿ ಯು ಅಂದರೆ 4ಕೆ, ಎಲ್ ಅಂದರೆ 2019ರ ಸಾಲು, 500 ದರ್ಜೆ. ಹರ್ಟ್ಜ್ (ಸೆಕೆಂಡಿಗೆ ಪರದೆ ಎಷ್ಟು ಸಲ ಹೊಸದಾಗುತ್ತದೆ ಅನ್ನುವ ಲೆಕ್ಕ) ಅಲ್ಲ, ಅದು ಬರೀ 60.

ನೀವು ಕೇಳಲಿಲ್ಲ, ಆದರೂ ಇದೊಂದು ಹೇಳಿಬಿಡುತ್ತೇನೆ. ಸ್ಯಾಮ್‌ಸಂಗ್‌ನ ಎಲ್‌ಎಫ್24ಟಿ350ಎಫ್‌ಎಚ್‌ಡಬ್ಲ್ಯುಎಕ್ಸ್‌ಎಕ್ಸ್‌ಎಲ್ ಅನ್ನುವ ರೈಲಿನಂಥ ಹೆಸರಿನ ಕೊನೆಗೆ ಎಕ್ಸ್‌ಎಕ್ಸ್‌ಎಲ್ ಇದೆಯಲ್ಲ, ಅದು ಅಂಗಿ ಸೈಜಲ್ಲ. ಭಾರತದಲ್ಲಿ ಮಾರಲು ಕಳಿಸಿದ್ದು ಅನ್ನುವ ಗುರುತು, ಅಷ್ಟೇ. ನಮ್ಮ ನೆಂಟರೊಬ್ಬರು ಅದನ್ನು ನೋಡಿ ಮನೆಯ ಟೇಬಲ್ ಅಗಲ ಮಾಡಿಸಿದ್ದರು. ಈಗ ಆ ಟೇಬಲ್ ಮೇಲೆ 24 ಇಂಚಿನ ಮಾನಿಟರ್ ಇದೆ, ಪಕ್ಕದಲ್ಲಿ ಮಿಕ್ಸಿಯೂ ಇದೆ.